ಪಾತ್‌ಫೈಂಡರ್ 1ನೇ ಆವೃತ್ತಿ: ಬೈಟ್, ಕ್ಲಾ ಡ್ಯಾಮೇಜ್‌ಗೆ ಸ್ಟ್ರೆಂತ್ ಎಷ್ಟು ಸೇರಿಸಬೇಕು?

ಕೋರೆಹಲ್ಲು:
ಪಾತ್‌ಫೈಂಡರ್ ಅನ್ನೋ ಟೇಬಲ್‌ಟಾಪ್ ರೋಲ್‌ಪ್ಲೇ ಆಟದಲ್ಲಿ ನಾನು ಜಿಎಂ (ಆಟ ನಡೆಸೋರು). ಒಬ್ಬ ಆಟಗಾರರದು 4ನೇ ಲೆವೆಲ್ ಹಾಫ್-ಆರ್ಕ್ ಬಾರ್ಬೇರಿಯನ್. ಸ್ಟ್ರೆಂತ್ 18 (ಬೋನಸ್ +4), ಬೇಸ್ ಅಟ್ಯಾಕ್ (ಹೊಡೆಯೋ ರೋಲ್‌ಗೆ ಸೇರೋ ಮೂಲ ಅಂಕ) +4. ಟೂಥಿ ಟ್ರೇಟ್‌ನಿಂದ 1ಡಿ4 (ನಾಲ್ಕು ಮುಖದ ಒಂದು ದಾಳ) ಬೈಟ್, ಅಂದ್ರೆ ಕಚ್ಚೋ ದಾಳಿ ಇದೆ. ಲೆಸ್ಸರ್ ಬೀಸ್ಟ್ ಟೋಟೆಮ್ ಇರೋದ್ರಿಂದ ರೇಜ್‌ನಲ್ಲಿ (ಬಾರ್ಬೇರಿಯನ್‌ನ ಕೋಪಾವೇಶ) 1ಡಿ6ರ ಎರಡು ಕ್ಲಾ (ಪಂಜದ ಹೊಡೆತ) ಬರುತ್ತವೆ. ಕೈಯಲ್ಲಿ ಗ್ರೇಟ್‌ಸ್ವೋರ್ಡ್. ಬರೀ ಕಚ್ಚಿದಾಗ, ಮೂರನ್ನೂ ಬಳಸಿದಾಗ, ಕತ್ತಿ ಬೀಸಿ ಜೊತೆಗೆ ಕಚ್ಚಿದಾಗ ಸ್ಟ್ರೆಂತ್ ಎಷ್ಟೆಷ್ಟು ಸೇರುತ್ತೆ? ಒಂದೇ ಬೈಟ್ ಇದ್ರೆ ಒಂದೂವರೆ ಪಟ್ಟು ಅಂತಾರೆ, ಆದ್ರೆ ಬೆಸ್ಟಿಯರಿಯಲ್ಲಿ (ಆಟದ ಜೀವಿಗಳ ಪುಸ್ತಕ) ತೋಳಕ್ಕೆ 1ಡಿ6+1 ಅಷ್ಟೇ ಇದೆ.

ಹತ್ತೊಂಬತ್ತರಕರಡಿ:
ತೋಳ ನೋಡಿದ್ರೆ ಗೊತ್ತಾಗಲ್ಲ. ಅದರ ಸ್ಟ್ರೆಂತ್ 13, ಬೋನಸ್ +1. ಒಂದೂವರೆ ಪಟ್ಟು ಅಂದ್ರೆ 1.5, ಭಿನ್ನರಾಶಿಯನ್ನು ಯಾವಾಗಲೂ ಕೆಳಕ್ಕೆ ಇಳಿಸೋದರಿಂದ 1 ಉಳಿಯುತ್ತೆ. ಡೈರ್ ವುಲ್ಫ್ ನೋಡಿ: ಸ್ಟ್ರೆಂತ್ 19, ಬೋನಸ್ +4, ಬೈಟ್ 1ಡಿ8+6. ಅಲ್ಲಿ ಒಂದೂವರೆ ಪಟ್ಟು ಸ್ಪಷ್ಟವಾಗಿ ಕಾಣುತ್ತೆ. ಗ್ರಿಜ್ಲಿ ಕರಡಿಗೆ ಸ್ಟ್ರೆಂತ್ 21, ಎರಡು ಕ್ಲಾ ಮತ್ತು ಒಂದು ಬೈಟ್, ಮೂರೂ 1ಡಿ6+5. ಅಂದ್ರೆ ಪ್ರೈಮರಿ (ಮುಖ್ಯ) ಅಟ್ಯಾಕ್ ಒಂದಕ್ಕಿಂತ ಹೆಚ್ಚಿದ್ರೆ ಪ್ರತಿಯೊಂದಕ್ಕೂ ಪೂರ್ತಿ ಬೋನಸ್, ಅದಕ್ಕಿಂತ ಹೆಚ್ಚಿಲ್ಲ. ಸೆಕೆಂಡರಿ, ಅಂದ್ರೆ ಪೂರಕ ಅಟ್ಯಾಕ್ ಆದ್ರೆ (ಗೊರಸು, ರೆಕ್ಕೆ, ಬಾಲ, ಟೆಂಟಕಲ್) ಅರ್ಧ ಬೋನಸ್, ಹೊಡೆಯೋ ರೋಲ್‌ಗೆ −5.

ನಿಮ್ಮ ಬಾರ್ಬೇರಿಯನ್‌ಗೆ ಲೆಕ್ಕ ಹೀಗೆ:

ರೇಜ್ ಇಲ್ಲದೆ ಬರೀ ಬೈಟ್: ಅಟ್ಯಾಕ್ +8, ಡ್ಯಾಮೇಜ್ 1ಡಿ4+6.

ರೇಜ್‌ನಲ್ಲಿ ಸ್ಟ್ರೆಂತ್ 22, ಬೋನಸ್ +6. ಎರಡು ಕ್ಲಾ ಮತ್ತು ಬೈಟ್ ಮೂರೂ +10. ಡ್ಯಾಮೇಜ್ 1ಡಿ6+6, 1ಡಿ6+6, 1ಡಿ4+6.

ರೇಜ್‌ನಲ್ಲಿ ಗ್ರೇಟ್‌ಸ್ವೋರ್ಡ್ ಜೊತೆ ಬೈಟ್: ಕತ್ತಿ +10, 2ಡಿ6+9. ಆಯುಧದ ಜೊತೆ ಸೇರಿಸಿದ ಕೂಡಲೇ ಬೈಟ್ ಸೆಕೆಂಡರಿ ಆಗುತ್ತೆ: +5, 1ಡಿ4+3. ಕ್ಲಾ ಬಿಟ್ಟುಬಿಡಿ, ಎರಡೂ ಕೈ ಕತ್ತಿ ಹಿಡಿದಿವೆ.

ಟೇಬಲ್‌ನಲ್ಲಿ ಜಗಳ ಆಗೋದು ಎರಡನೇದರಲ್ಲೇ. ಬಾರ್ಬೇರಿಯನ್ ನಡೆದುಹೋಗಿ ಒಂದೇ ಸಲ ಕಚ್ಚಿದ್ರೆ "ಈಗ ಒಂದೇ ಅಟ್ಯಾಕ್ ತಾನೇ, +9 ಕೊಡಿ" ಅಂತ ಆಟಗಾರ ಕೇಳ್ತಾರೆ. ಕೊಡಬೇಡಿ. ಆ ಜೀವಿಗೆ ಎಷ್ಟು ನ್ಯಾಚುರಲ್ ಅಟ್ಯಾಕ್ (ಹಲ್ಲು, ಪಂಜದಂಥ ಸ್ವಂತ ಅಂಗದ ದಾಳಿ) ಇವೆ ಅನ್ನೋದು ಮುಖ್ಯ, ಆ ಸುತ್ತಿನಲ್ಲಿ ಎಷ್ಟು ಬಳಸಿದ್ರು ಅನ್ನೋದಲ್ಲ. ರೇಜ್‌ನಲ್ಲಿ ಕ್ಲಾ ಇದ್ದೇ ಇವೆ, ಹಾಗಾಗಿ +6.

ಎರಡಾರುದಾಳ:
ಮೇಲಿನದು ಸರಿ. ಪವರ್ ಅಟ್ಯಾಕ್ ಫೀಟ್ (ಹೊಡೆಯೋ ರೋಲ್ ಇಳಿಸಿ ಡ್ಯಾಮೇಜ್ ಏರಿಸೋ ಕೌಶಲ) ಇದ್ರೆ ಇದೇ ಅನುಪಾತ ಅಲ್ಲೂ ನಡೆಯುತ್ತೆ. ಬೇಸ್ ಅಟ್ಯಾಕ್ +4 ಇದ್ರೆ ಹೊಡೆಯೋ ರೋಲ್‌ಗೆ −2 ತಗೊಂಡು ಡ್ಯಾಮೇಜ್‌ಗೆ +4. ಕತ್ತಿಗೆ ಅದು +6, ಸೆಕೆಂಡರಿ ಬೈಟ್‌ಗೆ +2, ಪ್ರೈಮರಿ ಕ್ಲಾ ಮತ್ತು ಬೈಟ್‌ಗೆ ತಲಾ +4.

ರೇಜ್, ಪವರ್ ಅಟ್ಯಾಕ್ ಎರಡೂ ಇದ್ದು ಎಲ್ಲವೂ ತಗುಲಿದ್ರೆ ಸರಾಸರಿ ಡ್ಯಾಮೇಜ್: ಕ್ಲಾ-ಕ್ಲಾ-ಬೈಟ್ 39.5, ಕತ್ತಿ-ಬೈಟ್ 29.5. ಎದುರಾಳಿಗೆ ಡಿಆರ್ (ಪ್ರತಿ ಹೊಡೆತದ ಡ್ಯಾಮೇಜ್ ತಗ್ಗಿಸೋ ಅಂಕ) 5 ಇದ್ದು ಯಾವ ಆಯುಧವೂ ಅದನ್ನು ದಾಟದಿದ್ರೆ 24.5 ಮತ್ತು 19.5. ಡಿಆರ್ 10 ಆದ್ರೆ ತಿರುಗಿಬೀಳುತ್ತೆ: 9.5 ಮತ್ತು 12, ಯಾಕಂದ್ರೆ ಪ್ರತಿ ಹೊಡೆತಕ್ಕೂ 10 ಕಳೆಯುತ್ತೆ. ಓಡಾಡಿ ಒಂದೇ ಸಲ ಹೊಡೆಯುವಾಗ ಕತ್ತಿಗೆ 22, ಕ್ಲಾಗೆ 13.5. ಬೇಸ್ ಅಟ್ಯಾಕ್ +6 ಆದಾಗ ಕತ್ತಿಗೆ ಇನ್ನೊಂದು ಅಟ್ಯಾಕ್ ಸಿಗುತ್ತೆ. ಕ್ಲಾ, ಬೈಟ್‌ಗೆ ಎಂದಿಗೂ ಸಿಗಲ್ಲ. ಹಾಗಾಗಿ ಕ್ಲಾಗಾಗಿ ಕತ್ತಿ ಎಸೆದುಬಿಡೋದು ಬೇಡ ಅಂತ ಆ ಆಟಗಾರರಿಗೆ ಹೇಳಿ. ಮಲ್ಟಿಅಟ್ಯಾಕ್ ಫೀಟ್ ಬಗ್ಗೆಯೂ ಕೇಳಬಹುದು: ಅದು −5 ಅನ್ನು −2ಕ್ಕೆ ಇಳಿಸುತ್ತೆ, ಡ್ಯಾಮೇಜ್‌ನ ಅರ್ಧ ಅರ್ಧವಾಗಿಯೇ ಇರುತ್ತೆ.

ಹಳೇಪುಸ್ತಕ:
ಹಳೆಯ ಡಿ ಅಂಡ್ ಡಿ 3.5 ಪುಸ್ತಕದಿಂದ ಪ್ರಾಣಿ ತಂದು ಆಡಿಸುವಾಗ ಹುಷಾರು. ಅಲ್ಲಿನ ಬ್ರೌನ್ ಬೇರ್‌ಗೆ ಸ್ಟ್ರೆಂತ್ 27. ಕ್ಲಾ +11, 1ಡಿ8+8, ಆದರೆ ಬೈಟ್ +6, 2ಡಿ6+4. ಅಲ್ಲಿ ಬೈಟ್ ಸೆಕೆಂಡರಿ. ಪಾತ್‌ಫೈಂಡರ್‌ನಲ್ಲಿ ಬೈಟ್ ಪ್ರೈಮರಿ, ಆದ್ದರಿಂದ ಅಂಕಿಗಳನ್ನು ಹಾಗೇ ನಕಲು ಮಾಡದೆ ಸ್ಟ್ರೆಂತ್‌ನಿಂದ ಹೊಸದಾಗಿ ಲೆಕ್ಕ ಹಾಕಿ. ಪಾತ್‌ಫೈಂಡರ್‌ನೊಳಗೂ ವಿನಾಯಿತಿಗಳಿವೆ. ಡ್ರ್ಯಾಗನ್‌ಗೆ ಎಷ್ಟೇ ಅಟ್ಯಾಕ್ ಇದ್ರೂ ಬೈಟ್‌ಗೆ ಒಂದೂವರೆ ಪಟ್ಟೇ. ಯುದ್ಧಕ್ಕೆ ಪಳಗಿಸದ ಕುದುರೆಗೆ ಗೊರಸು ಬಿಟ್ಟು ಬೇರೇನೂ ಇಲ್ಲದಿದ್ರೂ ಅದು ಸೆಕೆಂಡರಿ: ಸ್ಟ್ರೆಂತ್ 16, ಡ್ಯಾಮೇಜ್ 1ಡಿ4+1.

ಕೋರೆಹಲ್ಲು:
ತುಂಬಾ ಥ್ಯಾಂಕ್ಸ್, ಮೂವರಿಗೂ. ಇನ್ನೊಂದೇ ಒಂದು: ನಮ್ಮ ವಿಝರ್ಡ್ ಈ ಬಾರ್ಬೇರಿಯನ್ ಮೇಲೆ ಎನ್‌ಲಾರ್ಜ್ ಪರ್ಸನ್ (ಗಾತ್ರ ದೊಡ್ಡದು ಮಾಡೋ ಮಂತ್ರ) ಹಾಕ್ತಾರೆ. ಆಗ ಬೋನಸ್‌ಗೆ ಒಂದು ಕೂಡಿಸಿದ್ರೆ ಸಾಕಾ?

ಹತ್ತೊಂಬತ್ತರಕರಡಿ:
ಕೂಡಿಸಬೇಡಿ, ಮೊದಲಿಂದ ಲೆಕ್ಕ ಹಾಕಿ. ರೇಜ್‌ನಲ್ಲಿ ಸ್ಟ್ರೆಂತ್ 24, ಬೋನಸ್ +7. ಕ್ಲಾ 1ಡಿ8+7, ಬೈಟ್ 1ಡಿ6+7. ಕತ್ತಿಗೆ 10.5 ಬಂದು 10ಕ್ಕೆ ಇಳಿಯುತ್ತೆ: 3ಡಿ6+10. ಕತ್ತಿಯ ಜೊತೆ ಕಚ್ಚಿದ್ರೆ 3.5 ಬಂದು 3: 1ಡಿ6+3, ಅಂದ್ರೆ ಆ ಬೋನಸ್ ಮೊದಲಿದ್ದಷ್ಟೇ. ದೊಡ್ಡ ಗಾತ್ರದ −1 ಸ್ಟ್ರೆಂತ್‌ನ +1ಕ್ಕೆ ವಜಾ ಆಗೋದರಿಂದ ಅಟ್ಯಾಕ್ ರೋಲ್ ಬದಲಾಗಲ್ಲ. ಡೆಕ್ಸ್ಟೆರಿಟಿಯಿಂದ 2 ಕಳೆದು ಎಸಿ (ಹೊಡೆತ ತಪ್ಪಿಸೋ ರಕ್ಷಣಾ ಅಂಕ) ತಿದ್ದೋದನ್ನ ಮಾತ್ರ ಮರೀಬೇಡಿ.