ಸಹಾಯ ಬೇಕು: ಹಳೆಯ ಮಾರುತಿ 800 ಕಾರಿಗೆ ಯಾವ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಸೂಕ್ತ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಸಮೀಪ ವಾಸವಾಗಿರುವ ನನ್ನ ಬಳಿ 1996ರ, ಕಾರ್ಬುರೇಟರ್ ಇರುವ ಮಾರುತಿ 800 ಇದೆ. ತಂದೆಯವರ ಕಾಲದಿಂದಲೂ ರೇಡಿಯೇಟರಿಗೆ ಬಾವಿಯ ನೀರನ್ನೇ ತುಂಬಿಸುತ್ತ ಬಂದಿದ್ದು, ಆ ತಪ್ಪಿನ ಫಲವನ್ನು ಈಗ ಉಣ್ಣುತ್ತಿದ್ದೇನೆ. ಕಳೆದ ವಾರ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಇಂಜಿನ್ ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು ನೋಡಿದರೆ, ಒಳಗೆ ಕೆಮ್ಮಣ್ಣು ಕದಡಿದಂಥ ನೀರಿತ್ತು; ಮುಚ್ಚಳದ ರಬ್ಬರಿಗೆ ತುಕ್ಕಿನ ಕೆಸರು ಮೆತ್ತಿಕೊಂಡಿತ್ತು. ಥರ್ಮೋಸ್ಟಾಟ್ ಹೊಸದು, ಫ್ಯಾನ್ ಸರಿಯಿದೆ, ಆಯಿಲ್‌ನಲ್ಲಿ ನೀರು ಬೆರೆತಿಲ್ಲ.

ನಮ್ಮಲ್ಲಿ ಹಿಮ ಬೀಳದಿದ್ದರೂ, ಕುದಿಯುವ ಬಿಂದುವನ್ನು ಏರಿಸಿ ತುಕ್ಕನ್ನು ತಡೆಯುವುದಕ್ಕೆ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಬೇಕೆಂಬುದು ನನಗೆ ಮನವರಿಕೆಯಾಗಿದೆ. ಆದರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಹಳೆಯ ಸಿಲಿಕೇಟ್ ಬಗೆಯದನ್ನು ಹಾಕಲೇ, ಹೆಚ್ಚು ಬಾಳುವ ಓಎಟಿ (ಸಾವಯವ ಆಮ್ಲಗಳಿಂದ ತುಕ್ಕು ತಡೆಯುವ) ಬಗೆಯದನ್ನೇ? ಬಣ್ಣ ನೋಡಿ ಆರಿಸುವಂತಿಲ್ಲ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಇಂಜಿನ್ನಿನ ಹೆಡ್ (ಮೇಲ್ಭಾಗ) ಅಲ್ಯೂಮಿನಿಯಂ ಆಗಿರುವುದರಿಂದ ಈ ಆಯ್ಕೆಯಲ್ಲಿ ಎಡವಲು ನನಗೆ ಮನಸ್ಸಿಲ್ಲ.

ಸಣ್ಣ ಸೋರಿಕೆಯಿದ್ದರೆ ಸ್ಟಾಪ್‌ಲೀಕ್ (ಸೋರಿಕೆ ಮುಚ್ಚುವ ಪದಾರ್ಥ) ಹಾಕಿಬಿಡಿ ಎಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ. ಮೊದಲೇ ಕೆಸರು ಕಟ್ಟಿರುವ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಅದು ಇನ್ನಷ್ಟು ಮುಚ್ಚಬಹುದೆಂಬ ಭಯ ನನ್ನದು. ಡಿಸ್ಟಿಲ್ಡ್ ವಾಟರ್‌ನಿಂದ ಮೂರ್ನಾಲ್ಕು ಬಾರಿ ತೊಳೆದರೆ ಸಾಕೇ, ಅಥವಾ ಫ್ಲಶ್ ದ್ರಾವಣ ಬಳಸಲೇಬೇಕೇ? ಇದೇ ಇಂಜಿನ್ನನ್ನು ಘಾಟಿಯಲ್ಲಿ ಓಡಿಸಿ ಬಲ್ಲವರು ದಯವಿಟ್ಟು ತಿಳಿಸಿ.