ಪೀಪ್ ಸೈಟ್ ಏರ್ ರೈಫಲ್: ರಿಯರ್ ಸೈಟ್ ಕೊನೆ ಮುಟ್ಟಿದರೂ ಪೆಲೆಟ್ ಎಡಕ್ಕೇ ಬೀಳುತ್ತಿದೆ

ಪ್ರಶ್ನೆ: ನಮಸ್ಕಾರ. ನಾನು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದೇನೆ. ರೈಫಲನ್ನು ಬಿಚ್ಚಿ ಸ್ವಚ್ಛಗೊಳಿಸಿ ಮರಳಿ ಜೋಡಿಸಿದಂದಿನಿಂದ ಗ್ರೂಪ್ (ಪೆಲೆಟ್ ಎಂಬ ಸಣ್ಣ ಗುಂಡುಗಳು ಗುರಿಹಾಳೆಯ ಮೇಲೆ ಬಿದ್ದ ಗುಂಪು) ಬಿಗಿಯಾಗಿಯೇ ಇದ್ದರೂ ಇಡಿಯಾಗಿ ಎಡಕ್ಕೆ ಬೀಳುತ್ತಿದೆ. ರಿಯರ್ ಸೈಟನ್ನು (ಕಣ್ಣಿನ ಬಳಿ ಇರುವ, ಸಣ್ಣ ರಂಧ್ರದ ಪೀಪ್ ಸೈಟ್) ಬಲಕ್ಕೆ ಸರಿಸುತ್ತ ಬಂದು ಈಗ ಅದರ ತಿರುಪು ಕೊನೆ ಮುಟ್ಟಿದೆ. ನಳಿಕೆಯ ತುದಿಯಲ್ಲಿರುವ ಫ್ರಂಟ್ ಸೈಟನ್ನು ಸರಿಸಬೇಕೇ? ಸರಿಸುವುದಾದರೆ ಯಾವ ಕಡೆಗೆ?

ಉತ್ತರ: ಗ್ರೂಪ್ ಬಿಗಿಯಾಗಿದೆ ಎಂದಮೇಲೆ ನಿಮ್ಮ ಹಿಡಿತವನ್ನಾಗಲಿ ಪೆಲೆಟನ್ನಾಗಲಿ ಸದ್ಯಕ್ಕೆ ಅನುಮಾನಿಸುವ ಅಗತ್ಯವಿಲ್ಲ. ರಿಯರ್ ಸೈಟನ್ನು ಪೆಲೆಟ್ ಹೋಗಬೇಕಾದ ಕಡೆಗೆ ಸರಿಸುತ್ತೇವೆ. ಫ್ರಂಟ್ ಸೈಟನ್ನು ಪೆಲೆಟ್ ತಪ್ಪಿ ಬಿದ್ದ ಕಡೆಗೇ ಸರಿಸಬೇಕು. ಅಂದರೆ ನಿಮ್ಮದು ಎಡಕ್ಕೆ ಬರಬೇಕು. ಆದರೆ ಬಿಚ್ಚಿ ಜೋಡಿಸಿದ ಮೇಲೆ ಶುರುವಾದ ತೊಂದರೆಯಾದ್ದರಿಂದ, ಫ್ರಂಟ್ ಸೈಟ್ ಬಲಕ್ಕೆ ವಾಲಿಕೊಂಡು ಕೂತಿರುವ ಸಾಧ್ಯತೆಯೇ ಹೆಚ್ಚು. ನಳಿಕೆಯ ಮಧ್ಯದಿಂದ 30 ಮಿ.ಮೀ. ಎತ್ತರದಲ್ಲಿರುವ ಸೈಟ್ ಕೇವಲ 2 ಡಿಗ್ರಿ ವಾಲಿದರೂ ಸುಮಾರು 1 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ, ಎರಡು ಸೈಟ್‌ಗಳ ನಡುವೆ 700 ಮಿ.ಮೀ. ದೂರವಿದ್ದರೆ, ಅಷ್ಟೇ ತಪ್ಪು 10 ಮೀಟರ್ ಆಚೆಯ ಗುರಿಹಾಳೆಯ ಮೇಲೆ ಸುಮಾರು 15 ಮಿ.ಮೀ. ಆಗಿ ಕಾಣುತ್ತದೆ. ರಿಂಗ್‌ಗಳ ನಡುವಿನ ಅಂತರ 2.5 ಮಿ.ಮೀ. ಆಗಿರುವುದರಿಂದ ಇದು ಆರು ರಿಂಗ್‌ಗಳಷ್ಟು ದೂರ!

ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಬ್ರೀಚ್ (ಪೆಲೆಟ್ ತುಂಬುವ ಬಾಯಿ) ತೆರೆದು, ನಳಿಕೆ ಖಾಲಿಯೆಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿ. ರೈಫಲನ್ನು ಮೆತ್ತನೆಯ ಆಸರೆಯಲ್ಲಿ ಅಲುಗದಂತೆ ಕೂರಿಸಿ, ರಿಯರ್ ಸೈಟ್ ಕೂರುವ ಹಳಿಯ ಮೇಲೆ ಅಡ್ಡಲಾಗಿ ಸಣ್ಣ ರಸಮಟ್ಟವನ್ನಿಟ್ಟು ಸಮ ಮಾಡಿಕೊಳ್ಳಿ. ಬಳಿಕ ಎದುರಿನ ಗೋಡೆಗೆ ತೂಗುಗುಂಡಿನ ದಾರವನ್ನು ಇಳಿಬಿಟ್ಟು, ಫ್ರಂಟ್ ಸೈಟ್‌ನ ಬುಡ ಆ ದಾರಕ್ಕೆ ನೇರವಾಗಿದೆಯೇ ಎಂದು ಹಿಂದಿನಿಂದ ನೋಡಿ. ಕಣ್ಣಂದಾಜನ್ನು ಇಲ್ಲಿ ನಂಬಬಾರದು, ಏಕೆಂದರೆ 2 ಡಿಗ್ರಿ ವಾಲಿಕೆ ಬರಿಗಣ್ಣಿಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಹಲವು ರೈಫಲ್‌ಗಳಲ್ಲಿ ಸೈಟ್ ಕೂರುವುದು ನಳಿಕೆಯ ತುದಿಗೆ ತೊಡಿಸಿದ ಕೊಳವೆಯ ಮೇಲೆ. ಅದರ ತಿರುಪು ಸಡಿಲವಾದಾಗ ಕೊಳವೆಯೇ ಸೈಟ್ ಸಮೇತ ತಿರುಗಿಬಿಡುತ್ತದೆ.

ಮರುಪ್ರಶ್ನೆ: ಧನ್ಯವಾದಗಳು ಸರ್. ಕೊಳವೆಯೇ ಬಲಕ್ಕೆ ತಿರುಗಿತ್ತು. ನೇರ ಮಾಡಿ ಬಿಗಿ ಮಾಡಿದ್ದೇನೆ. ಆದರೆ ನಿಂತು ಗುರಿಯಿಡುವಾಗ ನಾನು ರೈಫಲನ್ನು ಮುಖದ ಕಡೆಗೆ ಸ್ವಲ್ಪ ವಾಲಿಸುತ್ತೇನೆ. ಅದಕ್ಕೆ ತಕ್ಕಂತೆ ಸೈಟನ್ನೂ ತಿರುಗಿಸಬೇಕೇ?

ಉತ್ತರ: ಬುಡವನ್ನು ಮುಟ್ಟಬೇಡಿ. ಫ್ರಂಟ್ ಸೈಟ್‌ನ ಒಳಗೆ ಕೂರಿಸುವ ಇನ್ಸರ್ಟ್‌ನ (ಗುರಿ ನೋಡುವ ಉಂಗುರದ ಬಿಲ್ಲೆ) ಅಡ್ಡಗೆರೆಗಳು ನಿಮ್ಮ ನಿಲುವಿನಲ್ಲಿ ಸಮತಲವಾಗಿ ಕಾಣುವಂತೆ ಇನ್ಸರ್ಟನ್ನು ಮಾತ್ರ ತಿರುಗಿಸಿಕೊಳ್ಳಿ. ವಾಲಿಸುವುದು ದೋಷವಲ್ಲ, ಪ್ರತಿ ಸಲವೂ ಒಂದೇ ಅಳತೆಯಲ್ಲಿ ವಾಲಿಸದಿರುವುದೇ ದೋಷ: 10 ಡಿಗ್ರಿ ವ್ಯತ್ಯಾಸವಾದರೆ ಪೆಲೆಟ್ ವಾಲಿದ ಕಡೆಗೆ ಸುಮಾರು 3 ಮಿ.ಮೀ. ಸರಿಯುತ್ತದೆ, ಅಂದರೆ ಒಂದು ರಿಂಗ್ ಹೋದಂತೆಯೇ. ಅಡ್ಡಗೆರೆಗಳು ಆ ಅಳತೆಯನ್ನು ಕಾಯುತ್ತವೆ. ಈಗ ರಿಯರ್ ಸೈಟನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಕ್ಲಿಕ್ (ತಿರುಪಿನ ಒಂದೊಂದು ಹೆಜ್ಜೆ) ಎಣಿಸುತ್ತ ತಿರುಗಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ. ಐದು ಪೆಲೆಟ್ ಹೊಡೆದು, ಗ್ರೂಪಿನ ಮಧ್ಯವನ್ನು ನೋಡಿಕೊಂಡೇ ಕ್ಲಿಕ್ ಬದಲಿಸಿ. ಒಂದೊಂದೇ ಪೆಲೆಟಿನ ಹಿಂದೆ ಹೋಗಬೇಡಿ.