ಮಾತ್ರೆಯೂ ನಡೀತಿದೆ, ಗಾಂಜಾನೂ ನಡೀತಿದೆ: ಇದನ್ನು ದಾಟಿ ಬಂದವರು ಬರೆಯಿರಿ

ಸಣ್ಣಕ್ಕ
ನನ್ನ ತಮ್ಮನಿಗೆ ಬೈಪೋಲಾರ್, ಅತಿ ಉತ್ಸಾಹ, ಖಿನ್ನತೆ ಎರಡೂ ಬಂದು ಹೋಗೋ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ, ಜೊತೆಗೆ ರಾತ್ರಿ ಒಲಾಂಜಪಿನ್ ಮಾತ್ರೆ ಇದೆ. ಮಾತ್ರೆ ತಪ್ಪಿಸಲ್ಲ, ಗಾಂಜಾನೂ ತಪ್ಪಿಸಲ್ಲ. ವಾರದ ಕೊನೆಗೆ ಗೆಳೆಯರ ಜೊತೆ ಕುಡಿತ ಬೇರೆ. "ಮಾತ್ರೆ ಅದರ ಕೆಲಸ ಮಾಡುತ್ತೆ, ಇದು ನಿದ್ದೆಗೆ" ಅಂತಾನೆ. ಡಾಕ್ಟರಿಗೆ ಹೇಳಿದರೆ ಮನೆ ಬಿಟ್ಟು ಹೋಗ್ತೀನಿ ಅಂತ ಹೆದರಿಸ್ತಾನೆ. ಉಪದೇಶ ಬೇಡ, ನಿಮಗೆ ಏನಾಯ್ತು ಅದನ್ನು ಹೇಳಿ.

ಹಗಲುನಿದ್ದೆ
ನಾನು ಇಲ್ಲದ ದನಿಗಳು ಕೇಳಿಸೋ ಕಾಯಿಲೆಗೆ ಕ್ಲೋಜಪಿನ್ ಮಾತ್ರೆ ತಗೊಳ್ಳುವವನು. ಗಾಂಜಾ ಸೇದ್ತೀಯಾ ಅಂತ ಎಲ್ಲರೂ ಕೇಳಿದರು, ಏನು ಬೆರೆಸಿ ಸೇದ್ತೀಯಾ ಅಂತ ಒಬ್ಬರೂ ಕೇಳಲಿಲ್ಲ. ನಾನು ತಂಬಾಕಿಗೆ ಬೆರೆಸುತ್ತಿದ್ದೆ, ಅದರ ಮೇಲೆ ದಿನವಿಡೀ ಸಿಗರೇಟು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಸಿವೈಪಿ1ಎ2 ಅನ್ನೋ ಕಿಣ್ವವನ್ನು ಕೆರಳಿಸುತ್ತವೆ. ಅದು ಕ್ಲೋಜಪಿನ್, ಒಲಾಂಜಪಿನ್ ಎರಡನ್ನೂ ಬೇಗ ಬೇಗ ಒಡೆದು ಹಾಕುತ್ತೆ. ಕೆರಳಿಸೋದು ನಿಕೋಟಿನ್ ಅಲ್ಲ, ಹೊಗೆ. ಹಾಗಾಗಿ ನನ್ನ ಡೋಸ್ ಏರುತ್ತಾ ಏರುತ್ತಾ ಹೋಗಿತ್ತು.

ಆಮೇಲೆ ಅಡ್ಮಿಟ್ ಆದೆ. ವಾರ್ಡಿನಲ್ಲಿ ಸೇದುವಂತಿಲ್ಲ. ನಿಕೋಟಿನ್ ಪಟ್ಟಿ ಅಂಟಿಸಿದರು, ಡೋಸ್ ಮಾತ್ರ ಹೊರಗಿದ್ದಾಗಿನದ್ದೇ ಕೊಟ್ಟರು. ಸ್ವಲ್ಪ ದಿನದಲ್ಲೇ ದಿಂಬೆಲ್ಲ ಜೊಲ್ಲು, ಮಾತು ತೊದಲು, ಕೂತಲ್ಲೇ ನಿದ್ದೆ. ಮಲ ಕಟ್ಟಿ ಹೊಟ್ಟೆ ಉಬ್ಬಿ ಸರ್ಜನ್ ಕರೆಸಬೇಕಾಯ್ತು. ಕೊನೆಗೆ ಫಿಟ್ಸ್ ಬಂತು. "ಕಾಯಿಲೆ ಉಲ್ಬಣ" ಅಂತ ಬರೆದುಕೊಂಡರು. ರಕ್ತದಲ್ಲಿ ಔಷಧದ ಲೆವೆಲ್ ನೋಡಿ ಅಂತ ನಮ್ಮಣ್ಣ ಹಠ ಹಿಡಿದ ಮೇಲೆ ನೋಡಿದರು, ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಡೋಸ್ ಇಳಿಸಿದರು, ಸರಿಹೋದೆ. ಮನೆಗೆ ಬಂದು ಮತ್ತೆ ಸೇದೋಕೆ ಶುರು ಮಾಡಿದಾಗ ಆ ಇಳಿಸಿದ ಡೋಸ್ ಸಾಲಲಿಲ್ಲ, ದನಿಗಳು ವಾಪಸ್ ಬಂದವು. ಅಲ್ಲಿಂದ ಮತ್ತೆ ಸುಧಾರಿಸಿಕೊಳ್ಳೋಕೆ ಹಿಡಿದ ಕಾಲ, ಕೈಬಿಟ್ಟ ಓದು, ಇದೆಲ್ಲ ಯಾರ ಲೆಕ್ಕಕ್ಕೆ?

ಗಾಂಜಾ ಹೊಗೆಗೂ ಇದೇ ಗುಣ ಇದೆ. ಸೇದುವವನು ಹೇಳದೆ ನಿಲ್ಲಿಸಿದರೂ ಅಪಾಯ, ಹೇಳದೆ ಶುರು ಮಾಡಿದರೂ ಅಪಾಯ.

ಮೂರನೇ ಮಹಡಿ
ಗಾಂಜಾ ಅಂದ ಕೂಡಲೇ ಎಲ್ಲರೂ ಆಸ್ಪತ್ರೆ ಕಥೆ ತೆಗೀತಾರೆ. ನನಗೆ ಆತಂಕದ ಕಾಯಿಲೆ, ಸರ್ಟ್ರಲಿನ್ ತಗೊಳ್ತಿದ್ದೀನಿ. ಮೊದಮೊದಲು ವಾಕರಿಕೆ, ಹಲ್ಲು ಕಡಿಯೋದು, ಬೆವರು. ಗಂಡ ಹೆಂಡತಿ ನಡುವಿನ ಸುಖವೂ ಹೋಯ್ತು, ಅದನ್ನು ಯಾವ ಡಾಕ್ಟರೂ ಮುಂಚೆ ಹೇಳಿರಲಿಲ್ಲ. ಅದೆಲ್ಲದರ ನಡುವೆ ನನಗೆ ನಿದ್ದೆ ಕೊಟ್ಟಿದ್ದು ರಾತ್ರಿಯ ನಾಲ್ಕು ದಮ್ಮು. ಕೆಲಸ ಉಳಿಸಿಕೊಂಡಿದ್ದೀನಿ, ಮನೆ ನಡೆಸ್ತಿದ್ದೀನಿ. ಒಮ್ಮೆ ನಿಲ್ಲಿಸಿ ನೋಡಿದೆ. ಎರಡನೇ ರಾತ್ರಿಯಿಂದಲೇ ನಿದ್ದೆ ಇಲ್ಲ, ಊಟ ಸೇರಲ್ಲ, ಕಣ್ಣು ಮುಚ್ಚಿದರೆ ಭಯಂಕರ ಕನಸು, ಮಕ್ಕಳ ಮೇಲೆ ರೇಗಾಟ. ಅದು ನನಗೆ ಬೇಕೇ ಬೇಕು ಅನ್ನೋದಕ್ಕೆ ಇನ್ನೇನು ಪುರಾವೆ ಬೇಕು?

ಒಬ್ಬ ತಂದೆ
ಮೂರನೇ ಮಹಡಿಯವರೇ, ನೀವು ಬರೆದದ್ದು ಬೇಕು ಅನ್ನೋದರ ಪುರಾವೆ ಅಲ್ಲ. ಅದು ಬಿಟ್ಟಾಗ ಬರುವ ತೊಂದರೆ. 2013ರ ಮನೋರೋಗಗಳ ಅಮೆರಿಕನ್ ಕೈಪಿಡಿ ಡಿಎಸ್‌ಎಂ-5ರಲ್ಲಿ ಅದಕ್ಕೆ ಪ್ರತ್ಯೇಕ ರೋಗನಿರ್ಣಯವೇ ಇದೆ. ಮೊದಲ ವಾರ ಜೋರು, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತೆ. ನೀವು ಅಷ್ಟು ಕಾಯಲೇ ಇಲ್ಲ.

ನನ್ನ ಮಗ ಕಾಲೇಜು ಸೇರೋ ಮುಂಚೆಯೇ ಶುರು ಮಾಡಿದ. ಮೊದಲು ಫೋನಿನ ಕ್ಯಾಮೆರಾಕ್ಕೆ ಟೇಪ್ ಹಚ್ಚಿದ, ಆಮೇಲೆ ಕಿಟಕಿಗೆ ಪೇಪರ್ ಅಂಟಿಸಿದ, ಆಮೇಲೆ ಅವರಮ್ಮ ಬಡಿಸಿದ ಅನ್ನ ಮುಟ್ಟಲಿಲ್ಲ, ವಿಷ ಹಾಕಿದ್ದಾಳೆ ಅಂತ. ಇಂಜೆಕ್ಷನ್ ಕೊಟ್ಟ ಮೇಲೆ ಕುತ್ತಿಗೆ ತಿರುಚಿಕೊಂಡು ನಿಂತುಬಿಡ್ತು, ಅದಕ್ಕೆ ಇನ್ನೊಂದು ಇಂಜೆಕ್ಷನ್. ಒಲಾಂಜಪಿನ್ನಿಗೆ ಹೊಟ್ಟೆ ಬಂತು, ಸಕ್ಕರೆ ಬಂತು. ಸುಧಾರಿಸಿದ ಅನ್ನೋ ಹೊತ್ತಿಗೆ ಗೆಳೆಯರು "ಒಂದೇ ಒಂದು ದಮ್" ಅಂದರು, ಮತ್ತೆ ಮೊದಲಿಂದ. ಪ್ರತಿ ಸಲವೂ ಹಿಂದಿನಷ್ಟು ಚೇತರಿಕೆ ಇಲ್ಲ.

ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಕರೆಸಿಕೊಂಡ 45,000ಕ್ಕೂ ಹೆಚ್ಚು ಯುವಕರ ಮೇಲೆ 15 ವರ್ಷ ಕಣ್ಣಿಟ್ಟ ಅಧ್ಯಯನ 1987ರಲ್ಲೇ ಬಂದಿದೆ. ಸೇರುವ ಹೊತ್ತಿಗೆ 50ಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು. ಯುರೋಪ್ ಮತ್ತು ಬ್ರೆಜಿಲಿನ ಊರುಗಳಲ್ಲಿ ಮಾಡಿದ ಇನ್ನೊಂದು ಅಧ್ಯಯನ 2019ರಲ್ಲಿ ಬಂತು. ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಶೇ. 10 ಅಥವಾ ಅದಕ್ಕಿಂತ ಹೆಚ್ಚಿರುವ ಮಾಲನ್ನು ದಿನಾ ಸೇದುವವರಲ್ಲಿ ಸೈಕೋಸಿಸ್ (ಭ್ರಮೆಗೆ ಸಿಕ್ಕಿ ವಾಸ್ತವದ ಅರಿವು ತಪ್ಪೋದು) ಸಾಧ್ಯತೆ ಸುಮಾರು ಐದು ಪಟ್ಟು. ಓದಿ, ಆಮೇಲೆ ನಾಲ್ಕು ದಮ್ಮಿನ ಮಾತಾಡಿ.

ಮೂರನೇ ಮಹಡಿ
ಓದಿದ್ದೀನಿ ಸರ್. ಸಣ್ಣ ಸಂಖ್ಯೆಯ ಆರು ಪಟ್ಟು ಅದು. ಸೇದುವ ಹೆಚ್ಚಿನ ಜನಕ್ಕೆ ಸೈಕೋಸಿಸ್ ಬರಲ್ಲ. ಕಾಯಿಲೆ ಒಳಗೊಳಗೇ ಶುರುವಾದವರೇ ನೆಮ್ಮದಿಗೆ ಅಂತ ಸೇದೋದೂ ಉಂಟು. ನಿಮ್ಮ ಕುಟುಂಬದಲ್ಲಿ ಮೊದಲೇ ಯಾರಿಗಾದರೂ ಇತ್ತಾ ಅಂತ ಕೇಳಿಕೊಳ್ಳಿ.

ಒಬ್ಬ ತಂದೆ
ನನ್ನ ತಂಗಿಗೆ ಇತ್ತು. ಅದಕ್ಕೇ ಹೇಳ್ತಿರೋದು! ರಕ್ತದಲ್ಲಿ ಇರೋರಿಗೆ ಇದು ಕಿಡಿ. ನೀವು ನನ್ನ ವಂಶ ಎತ್ತಿ ಆಡೋ ಅಗತ್ಯ ಇರಲಿಲ್ಲ.

ಇಳಿಜಾರು
ನಿಮ್ಮಿಬ್ಬರ ಜಗಳದಲ್ಲಿ ಮಾತ್ರೆಯ ವಿಷಯವೇ ಹೋಯ್ತು. ನನಗೂ ಬೈಪೋಲಾರ್, ಅದಕ್ಕೆ ಲ್ಯಾಮೊಟ್ರಿಜಿನ್ ಮಾತ್ರೆ. ನಮ್ಮ ಗುಂಪಿನಲ್ಲಿ ಒಂದು ಮಾತಿತ್ತು: ಪಾರ್ಟಿ ಇದ್ದರೆ ಮಾತ್ರೆ ನಿಲ್ಲಿಸು, ಎರಡೂ ಒಟ್ಟಿಗೆ ಬೇಡ. ಹೀಗೆ ಹೇಳಿಕೊಟ್ಟವರನ್ನು ನಾನು ಈವತ್ತಿಗೂ ಕ್ಷಮಿಸಿಲ್ಲ. ಲ್ಯಾಮೊಟ್ರಿಜಿನ್ ಐದಾರು ದಿನ ತಪ್ಪಿದರೆ ನಿಂತಲ್ಲಿಂದ ಮುಂದುವರಿಸೋಕೆ ಆಗಲ್ಲ. ಮೊದಲ ಮೆಟ್ಟಿಲಿಂದ ಹತ್ತಬೇಕು: 25 ಮಿ.ಗ್ರಾಂ ಎರಡು ವಾರ, 50 ಎರಡು ವಾರ, ಆಮೇಲೆ 100, ಆಮೇಲೆ 200. ಜೊತೆಗೆ ವಾಲ್ಪ್ರೋಯೇಟ್ ಅನ್ನೋ ಇನ್ನೊಂದು ಮಾತ್ರೆ ಇದ್ದರೆ ಇನ್ನೂ ನಿಧಾನ, ದಿನ ಬಿಟ್ಟು ದಿನ 25ರಿಂದ. ಒಮ್ಮೆಲೇ 200 ನುಂಗಿದರೆ ಮೈಯೆಲ್ಲ ಗುಳ್ಳೆ ಎದ್ದು ಚರ್ಮ ಸುಲಿಯುವ ಸ್ಟೀವನ್ಸ್ ಜಾನ್ಸನ್ ಬರಬಹುದು.

ಪಾರ್ಟಿ ಒಂದು ರಾತ್ರಿಯದ್ದು. ಅದರ ಅಮಲು ಇಳಿಯೋಕೆ ಎರಡು ದಿನ, ಆ ಗುಂಗಿನಲ್ಲಿ ಮಾತ್ರೆ ಮರೆತು ಇನ್ನಷ್ಟು ದಿನ. ಮತ್ತೆ 200 ಮುಟ್ಟೋವರೆಗಿನ ಅಷ್ಟೂ ವಾರ ನನ್ನನ್ನು ಕಾಯೋಕೆ ಏನೂ ಇಲ್ಲ. ಖಿನ್ನತೆ ಆ ಸಂದಿಯಲ್ಲೇ ನುಗ್ಗಿತು. ಪರೀಕ್ಷೆ ತಪ್ಪಿತು, ಬಾಡಿಗೆ ಮನೆ ಬಿಡಬೇಕಾಯ್ತು, ಮದುವೆ ಮಾತುಕತೆ ಮುರಿಯಿತು. ಗಾಂಜಾ ಮಾಡಿದ್ದಕ್ಕಿಂತ ಆ ಬುದ್ಧಿವಾದ ಮಾಡಿದ ಹಾನಿಯೇ ದೊಡ್ಡದು.

ಹೊಸದಾರಿ
ನನಗೆ ಖಿನ್ನತೆ. ಎಸಿಟಲೋಪ್ರಾಂ, ವೆನ್ಲಾಫ್ಯಾಕ್ಸಿನ್, ಮಿರ್ಟಜಪಿನ್, ಯಾವ ಮಾತ್ರೆಯೂ ಹಿಡಿಸಲಿಲ್ಲ. ವೆನ್ಲಾಫ್ಯಾಕ್ಸಿನ್ ಬಿಡುವಾಗ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗೋದು, ಕಣ್ಣು ಹೊರಳಿಸಿದರೂ ಝುಂ ಅನ್ನೋದು. ಕೊನೆಗೆ ಅಮಲಿನ ಅಣಬೆ ತಗೊಂಡೆ. ವರ್ಷಗಳಿಂದ ಬಾರದ ಅಳು ಬಂತು, ಅದರ ಮಾರನೇ ದಿನದಿಂದ ಎದ್ದು ಓಡಾಡಿದೆ. ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ ಮಾತ್ರೆ ಇದ್ದರೆ ಅಣಬೆಯ ಪರಿಣಾಮ ಮಂಕಾಗಬಹುದು, ಹಾಗಾಗಿ ಮಾತ್ರೆ ಮೊದಲು ಬಿಟ್ಟಿದ್ದೆ. ತಮ್ಮನಿಗೂ ಗಾಂಜಾ ಬದಲು ಇದನ್ನು...

ಇಳಿಜಾರು
ಸಾಕು ನಿಲ್ಲಿಸಿ! ಬೈಪೋಲಾರ್ ಇರುವ ಹುಡುಗನ ಅಕ್ಕನಿಗೆ ಇದನ್ನು ಹೇಳ್ತೀರಾ? ಆ ಅಣಬೆಯ ಸೈಲೋಸೈಬಿನ್ ಅನ್ನೋ ಅಂಶದ ಪರೀಕ್ಷೆಗಳಲ್ಲಿ ಸೈಕೋಸಿಸ್ ಅಥವಾ ಮೇನಿಯಾ (ಅತಿ ಉತ್ಸಾಹದ ಉನ್ಮಾದ) ಹಿನ್ನೆಲೆ ಇರುವವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳೋದೇ ಇಲ್ಲ, ಮನೆಯಲ್ಲಿ ಯಾರಿಗಾದರೂ ಇದ್ದರೂ ಹೊರಗಿಡ್ತಾರೆ. ಲಿಥಿಯಂ ತಗೊಳ್ಳುವವರು ಅಣಬೆ, ಎಲ್‌ಎಸ್‌ಡಿ ಹಾಕಿಕೊಂಡು ಫಿಟ್ಸ್ ಬಂದ ವರದಿಗಳಿವೆ. ನಿಮಗೆ ಒಗ್ಗಿದ್ದು ನಿಮಗಿರಲಿ.

ಹೊಸದಾರಿ
ನನ್ನನ್ನು ಬದುಕಿಸಿದ್ದನ್ನು ನಾನು ಹೇಳಿದೆ. ಇಲ್ಲಿ ಅನುಭವ ಕೇಳಿದ್ದರು. ನೀವು ಬಾಯಿ ಮುಚ್ಚಿಸೋಕೆ ಯಾರು?

ಅವರ ಹೆಂಡತಿ
ಲಿಥಿಯಂ ಅಂತ ಕಂಡು ಬರೀತಿದ್ದೀನಿ. ಗಾಂಜಾಕ್ಕಿಂತ ಆ ಕುಡಿತದ ಮಾರನೇ ದಿನವನ್ನು ನೋಡಿ ಸಣ್ಣಕ್ಕ. ನಮ್ಮವರು ರಾತ್ರಿಯೆಲ್ಲ ಕುಡಿದು ವಾಂತಿ ಮಾಡಿಕೊಂಡು, ನೀರು ಕುಡಿಯದೆ, ತಲೆನೋವಿಗೆ ಐಬುಪ್ರೊಫೆನ್ ನುಂಗಿದರು. ಮೈಯಲ್ಲಿ ನೀರು ಕಮ್ಮಿಯಾದರೆ ಮೂತ್ರಪಿಂಡ ಲಿಥಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತೆ, ಐಬುಪ್ರೊಫೆನ್ ಅದನ್ನು ಇನ್ನೂ ಏರಿಸುತ್ತೆ. ರಕ್ತದಲ್ಲಿ ಲಿಥಿಯಂ ಲೆವೆಲ್ ಸಾಮಾನ್ಯವಾಗಿ 0.6ರಿಂದ 1.0ರೊಳಗೆ ಇಟ್ಟಿರ್ತಾರೆ, 1.5 ದಾಟಿದರೆ ವಿಷ. ಅಷ್ಟೇ ಅಂತರ.

ಸಂಜೆಗೆ ಅವರು ತೂರಾಡ್ತಿದ್ದರು, ಮಾತು ತೊದಲುತ್ತಿತ್ತು, ಲೋಟ ಹಿಡಿದರೆ ಚೆಲ್ಲುವಷ್ಟು ಕೈ ನಡುಗುತ್ತಿತ್ತು. ಕುಡಿದು ಬಂದವರೂ ಹಾಗೇ ಇರ್ತಾರಲ್ಲ! ಅತ್ತೆ ಮಲಗಲಿ ಬಿಡು ಅಂದರು. ತುರ್ತು ವಿಭಾಗದಲ್ಲೂ "ಇಳಿದ ಮೇಲೆ ಕರ್ಕೊಂಡು ಬನ್ನಿ" ಅಂದರು. ಬಾಯಿ ವಾಸನೆ ನೋಡಿ, ಈವತ್ತು ಕುಡಿದೇ ಇಲ್ಲ, ಲಿಥಿಯಂ ತಗೊಳ್ತಾರೆ ಅಂತ ನಾನು ಕೂಗಾಡಿದ ಮೇಲೆ ರಕ್ತ ತೆಗೆದರು. ಡಯಾಲಿಸಿಸ್ ಆಯ್ತು. ಜೀವ ಉಳೀತು, ಆದರೆ ನಡೆಯುವಾಗ ಓಲಾಟ ಈಗಲೂ ಇದೆ. ಬೈಕ್ ಮಾರಿದ್ದೀವಿ, ಅವರಿಗೆ ಸಹಿ ಮೊದಲಿನ ಹಾಗೆ ಬರಲ್ಲ, ಬ್ಯಾಂಕಿನಲ್ಲಿ ಪ್ರತಿ ಸಲ ಅದೇ ತಕರಾರು.

ಸಣ್ಣಕ್ಕ
ತಮ್ಮನಿಗೂ ಕೈ ಸ್ವಲ್ಪ ನಡುಗುತ್ತೆ. ಕೊನೆಯ ಸಲ ಲೆವೆಲ್ ಯಾವಾಗ ಮಾಡಿಸಿದ್ದು ಅಂತ ಅವನಿಗೂ ನೆನಪಿಲ್ಲ.

ಅವರ ಹೆಂಡತಿ
ಸಣ್ಣ ನಡುಕ ಬಹಳ ಜನಕ್ಕೆ ಇರುತ್ತೆ. ಅದು ಜೋರಾದರೆ, ತೂರಾಟ, ವಾಂತಿ, ಭೇದಿ ಸೇರಿದರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಲೆವೆಲ್ ಈ ವಾರವೇ ಮಾಡಿಸಿ: ಕೊನೆಯ ಮಾತ್ರೆ ಆಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ. ಮೂತ್ರಪಿಂಡ, ಥೈರಾಯ್ಡ್ ಕೂಡ.

ಹಗಲುನಿದ್ದೆ
ಕಾಫಿ ಬಗ್ಗೆನೂ ಕೇಳಿ. ಹೆಚ್ಚು ಕುಡಿಯುವವನು ದಿಢೀರನೆ ಬಿಟ್ಟರೆ ಲಿಥಿಯಂ ಏರುತ್ತೆ.

ಮೂರನೇ ಮಹಡಿ
ಎಲ್ಲ ಸರಿ, ಆದರೆ ಅವನ ಬೆನ್ನ ಹಿಂದೆ ಡಾಕ್ಟರಿಗೆ ಹೇಳಬೇಡಿ. ನನ್ನ ಫೈಲಿನಲ್ಲಿ "ವ್ಯಸನಿ" ಅಂತ ಬಿದ್ದ ಮೇಲೆ ಹೊಟ್ಟೆನೋವು ಅಂದರೂ ಅದೇ ಕಣ್ಣಲ್ಲಿ ನೋಡಿದರು. ವಿಮೆಯವರು ಅದನ್ನೇ ಹಿಡಿದು ಹಣ ಕೊಡಲಿಲ್ಲ. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲ್ಲ.

ಒಬ್ಬ ತಂದೆ
ಫೈಲು ಉಳಿಸಿಕೊಳ್ಳೋಕೆ ಹುಡುಗನನ್ನು ಕಳ್ಕೋಬೇಕಾ? ಡಾಕ್ಟರ್ ಅವನ ಗುಟ್ಟನ್ನು ನಿಮಗೆ ಹೇಳದೇ ಇರಬಹುದು, ನೀವು ಹೇಳಿದ್ದನ್ನು ಕೇಳಿಸಿಕೊಳ್ಳೋಕೆ ಅವರಿಗೇನೂ ಅಡ್ಡಿ ಇಲ್ಲ. ಒಂದು ಚೀಟಿ ಬರೆದು ಕೊಡಿ ಅಮ್ಮಾ.

ಮೂರನೇ ಮಹಡಿ
ಆ ಚೀಟಿ ಅವನ ಕೈಗೆ ಸಿಕ್ಕಿದ ದಿನ ಮಾತ್ರೆ, ಡಾಕ್ಟರ್, ಅಕ್ಕ, ಮೂವರನ್ನೂ ಬಿಡ್ತಾನೆ. ನಾನು ಬಿಟ್ಟಿದ್ದೆ. ಅವನೇ ಬಾಯಿಬಿಟ್ಟು ಹೇಳೋ ಹಾಗೆ ಜೊತೆಗೆ ಹೋಗಿ ಕೂತ್ಕೊಳ್ಳಿ, ಸಣ್ಣಕ್ಕ. ಮಧ್ಯೆ ಬಾಯಿ ಹಾಕಬೇಡಿ.

ಅವರ ಹೆಂಡತಿ
ಚೀಟಿಯೋ ಜೊತೆಯೋ ಆಮೇಲೆ ಜಗಳ ಆಡಿಕೊಳ್ಳಿ. ಮೊದಲು ಲೆವೆಲ್ ಮಾಡಿಸಲಿ. ಸಣ್ಣಕ್ಕ, ರಿಪೋರ್ಟ್ ಬಂದ ಕೂಡಲೇ ಅವನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಐಬುಪ್ರೊಫೆನ್ ಇದ್ದರೆ ಈವತ್ತೇ ತೆಗೆದಿಡಿ.